ಚಿನ್ನದ ಮೀನೂ ಅದರ ನೀರೂ

ಗೋಲ್ಡ್‌ಫಿಶ್ ಎಂದೊಡನೆ ಬಹುಪಾಲು ಜನರ ಕಣ್ಣಿಗೆ ಕಟ್ಟುವುದು ದುಂಡನೆಯ ಗಾಜಿನ ಬೋಗುಣಿ. ಮಕ್ಕಳ ಪುಸ್ತಕ, ಜಾಹೀರಾತು, ವ್ಯಂಗ್ಯಚಿತ್ರ, ಎಲ್ಲಿ ನೋಡಿದರೂ ಆ ಕೆಂಪು ಮೀನಿಗೆ ಅದೇ ಮನೆ. ಈ ಜೋಡಿ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂದರೆ, ಬೋಗುಣಿಯಲ್ಲಿ ಮೀನು ಸಾಕುವುದು ಅನಾದಿಕಾಲದ ಪದ್ಧತಿ ಎಂದೇ ನಂಬಿಬಿಟ್ಟಿದ್ದೇವೆ. ಚರಿತ್ರೆ ಹೇಳುವುದೇ ಬೇರೆ. ಚಿನ್ನದ ಮೀನಿನ ಸಾಕಣೆಗೆ ಸಾವಿರ ವರ್ಷದ ದಾಖಲೆಯಿದೆ. ಅದರಲ್ಲಿ ಗಾಜಿನ ಬೋಗುಣಿಯ ಪಾಲು ಕೊನೆಯ ಮುನ್ನೂರು ವರ್ಷಕ್ಕಿಂತ ಹೆಚ್ಚೇನಿಲ್ಲ. ಅದಕ್ಕೂ ಹಿಂದೆ ಈ ಮೀನು ಕೊಳದಲ್ಲಿತ್ತು, ಆಮೇಲೆ ಅಗಲ ಬಾಯಿಯ ಹರವಿಗಳಲ್ಲಿತ್ತು. ಕೊಳವಿರಲಿ ಹರವಿಯಿರಲಿ, ಸಾಕುವವರಿಗೆ ನೀರಿನ ಕೆಲಸ ದಿನನಿತ್ಯದ್ದಾಗಿತ್ತು. ಬೋಗುಣಿ ಬಂದಾಗ ಆ ಕೆಲಸವನ್ನು ಕೈಬಿಟ್ಟು ಮೀನನ್ನು ಮಾತ್ರ ಉಳಿಸಿಕೊಂಡೆವು. ಇಂದು ಮನೆಮನೆಯಲ್ಲಿ ಈ ಮೀನು ಕೆಲವೇ ವಾರಗಳಲ್ಲಿ ಸಾಯುವುದಕ್ಕೆ ಮೂಲ ಕಾರಣ ಅದೇ ಎಂಬುದು ಈ ಲೇಖನದ ವಾದ.

ಕಾಡಿನ ಗೋಲ್ಡ್‌ಫಿಶ್ ಎಂಬುದೊಂದು ಇಲ್ಲ. ಇದರ ಪೂರ್ವಜ ಚೀನಾದ ಕೆರೆ ಹಳ್ಳಗಳಲ್ಲಿ ಸಿಗುವ, ಕಾರ್ಪ್ ಜಾತಿಗೆ ಹತ್ತಿರದ, ಬೂದು ಹಸಿರು ಬಣ್ಣದ ಸಾಧಾರಣ ಮೀನು. ಜನ ಅದನ್ನು ತಿನ್ನಲು ಹಿಡಿಯುತ್ತಿದ್ದರು. ಸಾವಿರಾರು ಮರಿಗಳಲ್ಲಿ ಎಲ್ಲೋ ಒಂದು ಕಪ್ಪು ವರ್ಣಕ ಕಳೆದುಕೊಂಡು ಕೆಂಪಾಗಿ ಹುಟ್ಟುವುದುಂಟು. ಹೊಳೆಯಲ್ಲಿ ಅಂಥ ಮೀನಿಗೆ ಆಯುಸ್ಸು ಕಡಿಮೆ, ಕೊಕ್ಕರೆಯ ಕಣ್ಣಿಗೆ ಮೊದಲು ಬೀಳುವುದೇ ಅದು. ಚೀನಾದ ಬೌದ್ಧರಲ್ಲಿ ಹಿಡಿದ ಜೀವಿಗಳನ್ನು ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಆಚಾರವಿತ್ತು. ವಿಹಾರಗಳ ಪಕ್ಕದಲ್ಲಿ ಅದಕ್ಕೆಂದೇ ಕೊಳಗಳಿದ್ದವು. ಅಪರೂಪದ ಬಣ್ಣದ ಮೀನು ಬಲೆಗೆ ಬಿದ್ದರೆ ಅದನ್ನು ತಿನ್ನಲು ಮನಸ್ಸಾಗದೆ ಜನ ಈ ಕೊಳಗಳಿಗೆ ಬಿಡುತ್ತಿದ್ದರು. ಹತ್ತನೆಯ ಶತಮಾನದ ಹೊತ್ತಿಗೆ ಜಿಯಾಶಿಂಗ್ ಪಟ್ಟಣದ ಇಂಥದೊಂದು ಕೊಳದಲ್ಲಿ ಹೊಂಬಣ್ಣದ ಮೀನುಗಳಿದ್ದವು. ಹನ್ನೊಂದನೆಯ ಶತಮಾನದ ಮಹಾಕವಿ ಸು ಶಿ ಹಾಂಗ್‌ಝೌ ಬಳಿಯ ನಾನ್‌ಪಿಂಗ್ ಬೆಟ್ಟದ ಕೊಳದ ಹೊನ್ನಿನ ಮೀನುಗಳನ್ನು ಕವಿತೆಯಲ್ಲಿ ನೆನೆದಿದ್ದಾನೆ. ಕೆಂಪು ಮೀನುಗಳೇ ಒಂದೆಡೆ ಸೇರಿ, ಹೊರಗಿನ ಬೂದು ಮೀನುಗಳೊಡನೆ ಬೆರೆಯದೆ, ತಮ್ಮಲ್ಲೇ ಮರಿ ಮಾಡಿದ್ದರಿಂದ ಆ ಬಣ್ಣ ನೆಲೆ ನಿಂತಿತು. ಅಲ್ಲಿ ಯಾರೂ ಹೊಸ ತಳಿಯನ್ನು ಸೃಷ್ಟಿಸಲು ಹೊರಟಿರಲಿಲ್ಲ. ಕರುಣೆಗೆ ಕಟ್ಟಿದ ಮುಚ್ಚಿದ ಕೊಳವೇ ಆ ಕೆಲಸ ಮಾಡಿತು.

ಕರುಣೆ ಸಾಲದೆ ಕೊಳವೂ ಬೇಕಿತ್ತು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಸಾಕ್ಷಿಯಿದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ, ಶಿಶಿಲದ ಮತ್ಸ್ಯತೀರ್ಥದಲ್ಲಿ ಕಪಿಲಾ ನದಿಯ ಮಡುವಿನಲ್ಲಿ ದೇವರ ಮೀನುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಭಕ್ತರು ಅಕ್ಕಿ, ಮಂಡಕ್ಕಿ ಹಾಕುತ್ತಾರೆ, ಮೊಳದುದ್ದದ ಮೀನುಗಳು ಕೈಯಳತೆಗೆ ಬಂದು ತಿನ್ನುತ್ತವೆ. ಭಕ್ತಿಯಲ್ಲಿ, ರಕ್ಷಣೆಯಲ್ಲಿ ಇದು ಹಾಂಗ್‌ಝೌ ಕೊಳಗಳಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಆದರೂ ತುಂಗೆಯಲ್ಲಾಗಲಿ ಕಪಿಲೆಯಲ್ಲಾಗಲಿ ಸಾಕುತಳಿಯೊಂದು ಹುಟ್ಟಲಿಲ್ಲ. ಅದು ಹರಿಯುವ ನೀರು. ಪ್ರತಿ ಮುಂಗಾರಿನಲ್ಲಿ ನೆರೆ ಬರುತ್ತದೆ, ಮೀನು ಮೇಲೆ ಕೆಳಗೆ ಓಡಾಡುತ್ತದೆ, ದೂರದ ಮೀನುಗಳೊಡನೆ ಬೆರೆಯುತ್ತದೆ. ಅಪರೂಪದ ಬಣ್ಣವೊಂದು ಹುಟ್ಟಿದರೂ ಹೊಳೆಯಲ್ಲಿ ಕರಗಿಹೋಗುತ್ತದೆ. ಇದರಲ್ಲಿ ಕೊರತೆಯೇನೂ ಇಲ್ಲ, ಶೃಂಗೇರಿಯ ಮೀನು ಹೊಳೆಯ ಮೀನಾಗಿಯೇ ಉಳಿದದ್ದು ಅದರ ಭಾಗ್ಯ. ಮನುಷ್ಯ ಯಾವ ನೀರು ಕೊಟ್ಟನೋ ಮೀನು ಅದಕ್ಕೆ ತಕ್ಕಂತೆ ಆಯಿತು ಎಂಬುದನ್ನು ಗಮನಿಸಿದರೆ ಸಾಕು.

ಪುಣ್ಯದ ಕೊಳದಿಂದ ಮೀನು ಅರಮನೆಗೆ ಹೋಯಿತು. ದಕ್ಷಿಣ ಸೊಂಗ್ ವಂಶದ ಚಕ್ರವರ್ತಿ ಗಾವ್‌ಜೊಂಗ್ 1162ರಲ್ಲಿ ಸಿಂಹಾಸನ ಬಿಟ್ಟು ಹಾಂಗ್‌ಝೌದ ದೆಶೌ ಅರಮನೆಯಲ್ಲಿ ನೆಲೆಸಿದಾಗ ಅಲ್ಲಿ ಚಿನ್ನದ ಮೀನುಗಳಿಗೆಂದೇ ಕೊಳ ಸಿದ್ಧವಾಯಿತು. ದೊರೆ ಸಾಕಿದ್ದನ್ನು ಶ್ರೀಮಂತರೂ ಸಾಕಿದರು, ಅವರಿಗೆ ಮೀನು ಒದಗಿಸುವ ಕಸುಬೊಂದು ಹುಟ್ಟಿಕೊಂಡಿತು. ಸೇನಾನಿ ಯುವೆ ಫೇಯ ಮೊಮ್ಮಗ ಯುವೆ ಕ 1214ರಲ್ಲಿ ಬರೆದ ಪುಸ್ತಕದಲ್ಲಿ ಈ ಕಸುಬಿನವರ ಮಾತು ಬರುತ್ತದೆ. ರಾಜಧಾನಿಯ ಮೀನು ಸಾಕುವವರು ಮೀನನ್ನು ಹೊಂಬಣ್ಣಕ್ಕೆ ತಿರುಗಿಸಬಲ್ಲರಂತೆ. ಹೇಗೆಂದು ಕೇಳಿದರೆ ಗುಟ್ಟು ಬಿಡರಂತೆ. ಪೇಟೆಯ ಚರಂಡಿಗಳಲ್ಲಿ ಸಿಗುವ ಸಣ್ಣ ಕೆಂಪು ಹುಳುಗಳನ್ನು ನೂರು ದಿನ ತಿನ್ನಿಸಿದರೆ ಮೀನು ಮೊದಲು ಬೆಳ್ಳಿಯಂತೆ ಬೆಳ್ಳಗಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಚಿನ್ನವಾಗುತ್ತದಂತೆ. ಹುಳು ತಿಂದು ಮೀನು ಚಿನ್ನವಾಗುವುದಿಲ್ಲ. ಆದರೆ ಈ ಮಾತಿನಲ್ಲಿ ಕಣ್ಣಾರೆ ಕಂಡ ಸತ್ಯವೊಂದು ಅಡಗಿದೆ. ಗೋಲ್ಡ್‌ಫಿಶ್ ಮರಿ ಇಂದಿಗೂ ಹುಟ್ಟುವಾಗ ಕಂದು ಬೂದು ಬಣ್ಣದ್ದೇ. ಕೆಲವು ತಿಂಗಳು ಕಳೆದ ಮೇಲೆ ಕಪ್ಪು ವರ್ಣಕದ ಕೋಶಗಳು ಸಾಯತೊಡಗಿ, ಒಳಗಿನ ಹಳದಿ ಕೆಂಪು ಮೇಲೆ ಕಾಣುತ್ತದೆ. ಕೆಲವು ಮರಿಗಳು ಕೊನೆಯವರೆಗೂ ಬೂದಾಗಿಯೇ ಉಳಿಯುತ್ತವೆ. ಎಂಟುನೂರು ವರ್ಷದ ಹಿಂದಿನ ಆ ಕಸುಬುದಾರ ಮರಿ ಬಣ್ಣ ತಿರುಗುವವರೆಗೆ ತಾಳ್ಮೆಯಿಂದ ಕಾದು, ಒಳ್ಳೆಯ ಜೀವಂತ ಆಹಾರ ಕೊಟ್ಟು ಬೆಳೆಸಿದ. ಗುಟ್ಟು ಎಂದರೆ ಅಷ್ಟೇ ಇದ್ದೀತು.

ದೊಡ್ಡ ತಿರುವು ಬಂದದ್ದು ಮಿಂಗ್ ವಂಶದ ಕಾಲದಲ್ಲಿ, ಮೀನು ಕೊಳ ಬಿಟ್ಟು ಮಣ್ಣಿನ, ಪಿಂಗಾಣಿಯ ಹರವಿಗಳಿಗೆ ಬಂದಾಗ. 1548ರಿಂದೀಚೆಗೆ ಹಾಂಗ್‌ಝೌದಲ್ಲಿ ಕಡುಕೆಂಪಿನ ಹೊಸ ಬಗೆಯೊಂದು ಕಾಣಿಸಿಕೊಂಡಿತು, ಅದನ್ನು ಇಟ್ಟುಕೊಳ್ಳದ ಮನೆಯೇ ಇಲ್ಲ, ಕೆಲವರ ಬಳಿ ಹತ್ತಕ್ಕೂ ಹೆಚ್ಚು ಹರವಿಗಳಿವೆ, ಬಣ್ಣಕ್ಕೂ ಹಣಕ್ಕೂ ಪೈಪೋಟಿ ನಡೆದಿದೆ ಎಂದು ಲಾಂಗ್ ಯಿಂಗ್ ಎಂಬ ಲೇಖಕ ಬರೆದಿಟ್ಟಿದ್ದಾನೆ. ಔಷಧಶಾಸ್ತ್ರದ ಮಹಾಗ್ರಂಥ ಬರೆದ ಲಿ ಶಿಝೆನ್ ಕೂಡ ಸೊಂಗ್ ಕಾಲದಿಂದ ಸಾಕುತ್ತಿದ್ದ ಮೀನು ಈಗ ಎಲ್ಲೆಲ್ಲೂ ಮನೆಮನೆಯಲ್ಲಿದೆ ಎನ್ನುತ್ತಾನೆ. 1596ರಲ್ಲಿ ಝಾಂಗ್ ಚಿಯಾಂದೆ ಈ ಮೀನಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಚಿನ್ನದ ಮೀನಿಗೆಂದೇ ಬರೆದ ಮೊದಲ ಪುಸ್ತಕ ಅದು. ಅದರಲ್ಲಿ ಅವನು ಹೇಳುವ ಸಾಕಣೆಯ ಕ್ರಮವನ್ನು ಹತ್ತಿರದಿಂದ ನೋಡಬೇಕು. ಹರವಿಗಳಲ್ಲಿ ಸಿಝೌದಲ್ಲಿ ಸುಟ್ಟ ಬಿಳಿಯವು ಶ್ರೇಷ್ಠ, ಹಾಂಗ್‌ಝೌ ಮತ್ತು ಯಿಶಿಂಗ್‌ನವು ಆಗಬಹುದು, ಆದರೆ ಅವುಗಳಲ್ಲಿ ಬಣ್ಣ ಎದ್ದು ಕಾಣದು. ನೀರು ಬದಲಿಸಿ ಒಂದೆರಡು ದಿನವಾದರೆ ತಳದಲ್ಲಿ ಕೊಳೆ ಕೂರುತ್ತದೆ, ಅದನ್ನು ಬಿದಿರಿನ ಕೊಳವೆಯಿಂದ ಆಗಾಗ ಹೀರಿ ತೆಗೆಯುತ್ತಿರಬೇಕು. ಬೇಸಿಗೆಯಲ್ಲಿ ಮೀನುಗಳನ್ನು ರಾಶಿಯಾಗಿ ಕೊಂಡು, ಹರವಿಗಳಲ್ಲಿ ಹಂಚಿ ಸಾಕಿ, ದಿನದಿನವೂ ಕಳಪೆಯವನ್ನು ಬೇರ್ಪಡಿಸುತ್ತ ಹೋಗಿ, ನೂರರಲ್ಲಿ ಒಂದೆರಡನ್ನು ಉಳಿಸಿಕೊಳ್ಳಬೇಕು. ಡಾರ್ವಿನ್‌ಗಿಂತ ಇನ್ನೂರೈವತ್ತು ವರ್ಷ ಮೊದಲೇ ಆಯ್ಕೆಯಿಂದ ತಳಿ ಬೆಳೆಸುವ ವಿದ್ಯೆಯನ್ನು ಇಷ್ಟು ಸ್ಪಷ್ಟವಾಗಿ ಬರೆದವರು ಅಪರೂಪ.

ಹರವಿ ಮೀನಿನ ಮೈಯನ್ನೇ ಬದಲಾಯಿಸಿತು. ಸೀಳುಬಾಲದ, ಗುಂಡುಹೊಟ್ಟೆಯ, ಬೆನ್ನಿನ ರೆಕ್ಕೆಯಿಲ್ಲದ, ಉಬ್ಬುಗಣ್ಣಿನ ಮರಿಗಳು ಕೊಳದಲ್ಲೂ ಆಗೊಮ್ಮೆ ಹುಟ್ಟಿರಬಹುದು. ಆದರೆ ಅಲ್ಲಿ ಚುರುಕಾಗಿ ಈಜುವ ಮೀನುಗಳ ನಡುವೆ ಅವಕ್ಕೆ ತುತ್ತೂ ಸಿಗುತ್ತಿರಲಿಲ್ಲ. ಹರವಿಯಲ್ಲಿ ಅವು ಬದುಕಿದವು, ಮನುಷ್ಯನ ಕಣ್ಣಿಗೆ ಬಿದ್ದವು, ಮರಿ ಮಾಡಿದವು. ಹರವಿಯ ಮೀನನ್ನು ನೋಡುವುದು ಮೇಲಿನಿಂದ. ಹಾಗಾಗಿ ಮೇಲಿನಿಂದ ನೋಡಿದಾಗ ಚೆಂದ ಕಾಣುವ ಲಕ್ಷಣಗಳೇ ಉಳಿದವು: ಹರಡಿಕೊಂಡ ಬಾಲ, ಅಗಲ ಬೆನ್ನು, ಇಕ್ಕೆಲಕ್ಕೆ ಚಾಚಿದ ಕಣ್ಣು. ಈ ಮೀನಿನ ಪೂರ್ವಜರಲ್ಲಿ ಸುಮಾರು 1.4 ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್ ಇಮ್ಮಡಿಯಾಗಿತ್ತು ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಸೀಳುಬಾಲಕ್ಕೆ ಕಾರಣ ಕಾರ್ಡಿನ್ ಎಂಬ ಜೀನ್‌ನ ಒಂದು ಪ್ರತಿಯಲ್ಲಾದ ಬದಲಾವಣೆ ಎಂದು 2014ರಲ್ಲಿ ಗೊತ್ತಾಯಿತು. ಇನ್ನೊಂದು ಪ್ರತಿ ಸರಿಯಾಗಿರುವುದರಿಂದ ಭ್ರೂಣ ಬದುಕುತ್ತದೆ. ಬದಲಾವಣೆಯನ್ನು ಪ್ರಕೃತಿ ತಾನೇ ತಾಳಿಕೊಂಡಿತು, ಅದನ್ನು ಆರಿಸಿ ಉಳಿಸಿದ್ದು ಹರವಿಯ ಮೇಲೆ ಬಾಗಿದ ಮನುಷ್ಯ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ಹರವಿಯೂ ಪುಟ್ಟ ಪಾತ್ರೆಯೇ ತಾನೆ? ಕೊಳದ ಮೀನನ್ನು ಸೆರೆಗೆ ತಂದದ್ದೇ ಚೀನೀಯರು, ಗಾಜಿನ ಬೋಗುಣಿ ಅದರ ಮುಂದುವರಿಕೆಯಷ್ಟೇ, ಅದನ್ನು ಮಾತ್ರ ಏಕೆ ದೂರಬೇಕು? ಪಾತ್ರೆಯ ಗಾತ್ರವೊಂದನ್ನೇ ನೋಡಿದರೆ ಈ ಮಾತು ನಿಲ್ಲುತ್ತದೆ. ಆದರೆ ಹರವಿ ಅಗಲ ಬಾಯಿಯದು, ಬಯಲಿನಲ್ಲಿಟ್ಟದ್ದು. ಗಾಳಿ ತಾಗುವ ನೀರಿನ ಮೇಲ್ಮೈ ಅದಕ್ಕೆ ಧಾರಾಳವಾಗಿತ್ತು. ಬೋಗುಣಿ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಕಂಠದವರೆಗೆ ನೀರು ತುಂಬಿದರೆ ಗಾಳಿ ತಾಗುವ ಜಾಗ ಅಂಗೈಯಷ್ಟು. ಅದಕ್ಕಿಂತ ಮುಖ್ಯವಾಗಿ, ಹರವಿಯ ಹಿಂದೆ ನೀರು ಹೊರುವ, ಕೊಳೆ ಹೀರುವ, ಮೀನು ಹಂಚುವ ಕೈಗಳಿದ್ದವು. ಬಿದಿರಿನ ಕೊಳವೆಯಿಲ್ಲದ ಹರವಿಯನ್ನು ಝಾಂಗ್ ಚಿಯಾಂದೆ ಊಹಿಸಿಕೊಳ್ಳಲಾರ. ಹಾಗೆಂದು ಹರವಿಯ ಕಾಲವೆಲ್ಲ ಕರುಣೆಯ ಕಾಲವೆಂದು ಹೇಳಲಾಗದು. ಕಣ್ಣಿನ ಕೆಳಗೆ ನೀರಿನ ಚೀಲ ತೂಗುವ, ತಲೆಯೆತ್ತಿ ನೇರ ನೋಡಲಾಗದ, ಬಾಗಿದ ಬೆನ್ನೆಲುಬಿನ ತಳಿಗಳು ಈ ಆಯ್ಕೆಯ ಹಾದಿಯಲ್ಲೇ ಬಂದವು. ಆ ತಳಿಗಳನ್ನು ಮೆಚ್ಚುವುದು ನನ್ನಿಂದಾಗದು. ಆದರೂ ಅವನ್ನು ಮಾಡಿದವರು ಅವುಗಳ ನೀರಿನ ಹೊಣೆಯನ್ನೂ ಹೊತ್ತಿದ್ದರು ಎಂಬುದನ್ನು ಒಪ್ಪಬೇಕು.

ಜಪಾನಿಗೆ ಈ ಮೀನು ಹದಿನಾರನೆಯ ಶತಮಾನದ ಆರಂಭದಲ್ಲಿ ಸಕಾಯ್ ಬಂದರಿನ ಮೂಲಕ ಬಂತು. 1724ರಲ್ಲಿ ಯಾನಾಗಿಸಾವಾ ಮನೆತನ ಕಾಯ್ ಪ್ರಾಂತ್ಯದಿಂದ ಯಮಾತೊ ಕೊರಿಯಾಮಾಗೆ ವರ್ಗವಾಗಿ ಬಂದಾಗ ಮೀನುಗಳೂ ಜೊತೆಗೆ ಬಂದವು ಎಂದು ಆ ಊರಿನವರು ತಮ್ಮ ಕಸುಬಿನ ಕಥೆ ಆರಂಭಿಸುತ್ತಾರೆ. ಕೆಳದರ್ಜೆಯ ಸಮುರಾಯ್‌ಗಳಿಗೆ ಅದು ಉಪಕಸುಬಾಯಿತು. ಮೆಯ್ಜಿ ಕಾಲದಲ್ಲಿ ಅವರ ಸಂಬಳ ನಿಂತುಹೋದಾಗ ಹಲವರಿಗೆ ಜೀವನೋಪಾಯವೂ ಆಯಿತು. ಅಲ್ಲಿ ನೀರಾವರಿಗೆಂದು ಕಟ್ಟಿದ ಕೆರೆಕುಂಟೆಗಳು ಹೇರಳವಾಗಿದ್ದವು, ಮರಿಗಳಿಗೆ ಬೇಕಾದ ನೀರುಹುಳುಗಳು ಅವುಗಳಲ್ಲೇ ಸಿಗುತ್ತಿದ್ದವು. ಇಂದಿಗೂ ಆ ಊರು ಚಿನ್ನದ ಮೀನಿಗೇ ಹೆಸರುವಾಸಿ. ಬೆನ್ನುರೆಕ್ಕೆಯಿಲ್ಲದ ರಾಂಚೂ ತಳಿಯನ್ನು ಜಪಾನೀಯರು ಈಗಲೂ ಆಳವಿಲ್ಲದ ಅಗಲ ತೊಟ್ಟಿಗಳಲ್ಲಿ ಇಟ್ಟು, ಮೇಲಿನಿಂದ ನೋಡಿಯೇ ಅಂಕ ಕೊಡುತ್ತಾರೆ.

ಯುರೋಪಿಗೆ ಮೀನು ಹೋದದ್ದು ಹದಿನೇಳನೆಯ ಶತಮಾನದಲ್ಲಿ, ಚೀನಾದಿಂದ ಪಿಂಗಾಣಿ, ಚಹಾ ತರುತ್ತಿದ್ದ ಹಡಗುಗಳ ದಾರಿಯಲ್ಲಿ. ಮೊದಮೊದಲು ಅಲ್ಲೂ ಕೊಳ, ಪಿಂಗಾಣಿ ತೊಟ್ಟಿಗಳೇ ಇದ್ದವು. ಲಂಡನ್ನಿನಲ್ಲಿ ಹೊರೇಸ್ ವಾಲ್‌ಪೋಲ್‌ನ ಬೆಕ್ಕು 1747ರಲ್ಲಿ ಮುಳುಗಿ ಸತ್ತದ್ದು ಚಿನ್ನದ ಮೀನುಗಳಿದ್ದ ಪಿಂಗಾಣಿ ತೊಟ್ಟಿಯಲ್ಲಿ. ಕವಿ ಥಾಮಸ್ ಗ್ರೇ ಅದರ ಮೇಲೆ ಕವಿತೆ ಬರೆದದ್ದರಿಂದ ಆ ತೊಟ್ಟಿಯೂ ಪ್ರಸಿದ್ಧವಾಯಿತು. ಆದರೆ ಗಾಜು ಅಗ್ಗವಾದಂತೆ ಮೀನು ಬೈಠಕ್ಖಾನೆಯ ಮೇಜಿಗೆ ಬಂತು. 1789ರಲ್ಲಿ ಪ್ರಕಟವಾದ ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆಯಲ್ಲಿ ಗಿಲ್ಬರ್ಟ್ ವೈಟ್ ಗಾಜಿನ ಬೋಗುಣಿಯ ಚಿನ್ನದ ಮೀನುಗಳನ್ನು ಪ್ರೀತಿಯಿಂದ ವರ್ಣಿಸುತ್ತಾನೆ. ದುಂಡು ಗಾಜಿನಲ್ಲಿ ಅವು ಹಿಗ್ಗಿ, ಬಾಗಿ ಕಾಣುವ ಸೊಬಗನ್ನು ಹೇಳುತ್ತಾನೆ. ಆಹಾರವಿಲ್ಲದೆ ಬದುಕುತ್ತವೆ ಎಂಬ ನಂಬಿಕೆಯನ್ನು ಪ್ರಸ್ತಾಪಿಸಿ, ಏನೂ ತಿನ್ನದಂತೆ ಕಂಡರೂ ಹಿಕ್ಕೆ ಹಾಕುತ್ತವಲ್ಲ ಎಂದು ಗಮನಿಸುತ್ತಾನೆ. ರೋಗ ತಗಲಿದ ಮೀನಿನ ತಲೆ ಹೇಗೆ ಕೆಳಗೆ ಕೆಳಗೆ ಜಗ್ಗುತ್ತ ಹೋಗಿ, ಕೊನೆಗೆ ಹೊಟ್ಟೆ ಮೇಲಾಗಿ ತೇಲುತ್ತದೆ ಎಂಬುದನ್ನೂ ಅಷ್ಟೇ ಎಚ್ಚರದಿಂದ ದಾಖಲಿಸಿದ್ದಾನೆ. ಆ ಕೊನೆಯ ವಿವರ ನಮಗೆ ಮುಖ್ಯ. ವೈಟ್‌ನಂಥ ಕರುಣಾಳು, ಸೂಕ್ಷ್ಮದರ್ಶಿಗೂ ಅದು ಮೀನಿನ ಸ್ವಭಾವದ ಒಂದು ಅಧ್ಯಾಯವಾಗಿ ಕಂಡಿತೇ ಹೊರತು ನೀರಿನ ದೋಷವಾಗಿ ಕಾಣಲಿಲ್ಲ. ಕೊಳೆ ತೆಗೆಯುವ ಬಿದಿರಿನ ಕೊಳವೆ ಮೀನಿನ ಜೊತೆ ಹಡಗು ಹತ್ತಿರಲಿಲ್ಲ.

ನೀರಿನ ಲೆಕ್ಕವನ್ನು ಯುರೋಪ್ ತನ್ನದೇ ದಾರಿಯಲ್ಲಿ ಮತ್ತೆ ಕಂಡುಕೊಳ್ಳಬೇಕಾಯಿತು. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಲಂಡನ್ನಿನಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಮಣ್ಣು ಹಾಸಿ, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು ಎರಡು ಸಣ್ಣ ಚಿನ್ನದ ಮೀನುಗಳನ್ನು ಬಿಟ್ಟ. ಗಿಡ ಆಮ್ಲಜನಕ ಕೊಟ್ಟಿತು, ಮೀನು ಬದುಕಿದವು. ಆದರೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿತು. ಕೊಳೆತದ್ದನ್ನು ತಿನ್ನುವ ನೀರುಬಸವನಹುಳುಗಳನ್ನು ತಂದು ಬಿಟ್ಟ ಮೇಲೆ ಎಲ್ಲ ಸರಿಹೋಯಿತು. ಈ ಫಲಿತಾಂಶವನ್ನು ಅವನು 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಮೂರು ವರ್ಷದಲ್ಲಿ ಲಂಡನ್ ಮೃಗಾಲಯದ ಮತ್ಸ್ಯಾಗಾರ ತೆರೆಯಿತು. 1890ರ ಹೊತ್ತಿಗೆ ರಷ್ಯಾದ ವಿಜ್ಞಾನಿ ವಿನೊಗ್ರಾದ್‌ಸ್ಕಿ ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ. ಮೀನು ಕಿವಿರಿನಿಂದ ಬಿಡುಗಡೆ ಮಾಡುವ ಅಮೋನಿಯ ಅದಕ್ಕೇ ವಿಷ. ಆ ವಿಷ ಕಳೆಯುವ ಸೂಕ್ಷ್ಮಜೀವಿಗಳು ಮರಳಿನ ಮೇಲೆ, ಫಿಲ್ಟರಿನ ಸ್ಪಂಜಿನ ಮೇಲೆ ನೆಲೆಯೂರಲು ವಾರಗಳು ಬೇಕು. ಇಂದಿನ ಅಕ್ವೇರಿಯಂ ವಿದ್ಯೆಯೆಲ್ಲ ಈ ಎರಡು ತಿಳಿವಳಿಕೆಗಳ ಮೇಲೆ ನಿಂತಿದೆ. ಗಮನಿಸಬೇಕಾದ್ದೆಂದರೆ, ವಿದ್ಯೆ ಬಂದ ಮೇಲೂ ಬೋಗುಣಿ ಹೋಗಲಿಲ್ಲ. ಜಾತ್ರೆಯ ಬಹುಮಾನವಾಗಿ, ಅಂಗಡಿಯ ಉಡುಗೊರೆಯಾಗಿ ಮೀನು ಇನ್ನಷ್ಟು ಅಗ್ಗವಾಯಿತು. ಅಮೆರಿಕದ ಮೀನುಗಾರಿಕಾ ಆಯೋಗವಂತೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾಷಿಂಗ್ಟನ್ನಿನ ಜನರಿಗೆ ಇದನ್ನು ಪುಕ್ಕಟೆಯಾಗಿ ಹಂಚಿತು. ಪುಕ್ಕಟೆ ಬಂದ ಜೀವದ ನೀರಿನ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಬೋಗುಣಿಯ ಪರ ವಹಿಸುವವರು ಹೇಳುವ ಮಾತುಗಳು ಮೂರು. ಅದರಲ್ಲೂ ಮೀನು ಬದುಕುತ್ತದಲ್ಲ ಎಂಬುದು ಮೊದಲನೆಯದು. ಬದುಕುತ್ತದೆ ನಿಜ, ಏಕೆಂದರೆ ಉಸಿರು ಕಟ್ಟಿದರೂ ಸಾಯದಿರುವ ಶಕ್ತಿ ಈ ಕುಲಕ್ಕಿದೆ. ಚಳಿನಾಡಿನಲ್ಲಿ ಕೊಳ ಹೆಪ್ಪುಗಟ್ಟಿ ಆಮ್ಲಜನಕ ತೀರಿದಾಗ ಗೋಲ್ಡ್‌ಫಿಶ್ ಮತ್ತು ಅದರ ದಾಯಾದಿ ಕ್ರೂಷಿಯನ್ ಕಾರ್ಪ್ ಮೈಯಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಆಲ್ಕೋಹಾಲಾಗಿ ಮಾಡಿ ಕಿವಿರಿನ ಮೂಲಕ ಹೊರಹಾಕುತ್ತವೆ. ಇದನ್ನು ನಡೆಸುವ ಕಿಣ್ವಗಳ ಗುಟ್ಟನ್ನು 2017ರಲ್ಲಿ ನಾರ್ವೆ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಬಿಡಿಸಿದರು. ಬೇರೆ ಮೀನು ಗಂಟೆಗಳಲ್ಲಿ ಸಾಯುವ ನೀರಿನಲ್ಲಿ ಇದು ನರಳುತ್ತ ಉಳಿಯುತ್ತದೆ. ಬೋಗುಣಿಯಲ್ಲಿ ಅದು ಇನ್ನೂ ಈಜುತ್ತಿರುವುದು ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಎರಡನೆಯದು, ಅದು ಪುಟ್ಟ ಮೀನು, ಪಾತ್ರೆಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬುದು. ಪಶ್ಚಿಮ ಆಸ್ಟ್ರೇಲಿಯದ ವಾಸ್ ನದಿಗೆ ಯಾರೋ ಬಿಟ್ಟ ಗೋಲ್ಡ್‌ಫಿಶ್‌ಗಳ ಸಂತತಿಯಲ್ಲಿ ಸುಮಾರು 1.9 ಕಿಲೊ ತೂಗುವ ಮೀನುಗಳು ಸಿಕ್ಕಿವೆ. ಬೋಗುಣಿಯಲ್ಲಿ ಕಾಣುವುದು ಕುಗ್ಗಿದ ಬೆಳವಣಿಗೆ. ಮೂರನೆಯದು ಮೂರು ಸೆಕೆಂಡಿನ ನೆನಪಿನ ಕಥೆ. ಇದಕ್ಕೆ ಯಾವ ಆಧಾರವೂ ಇಲ್ಲ. 1960ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬರ್ನಾರ್ಡ್ ಆಗ್ರನಾಫ್ ದೀರ್ಘಕಾಲದ ನೆನಪು ನಿಲ್ಲಲು ಮಿದುಳಿನಲ್ಲಿ ಹೊಸ ಪ್ರೋಟೀನ್ ತಯಾರಾಗಬೇಕು ಎಂದು ತೋರಿಸಿದ್ದು ಗೋಲ್ಡ್‌ಫಿಶ್‌ಗಳಿಗೆ ಪಾಠ ಕಲಿಸಿ, ದಿನಗಳ ನಂತರ ಪರೀಕ್ಷಿಸಿ. ನೆನಪೇ ಇಲ್ಲದ ಮೀನಿನ ಮೇಲೆ ನೆನಪಿನ ಶಾಸ್ತ್ರ ಕಟ್ಟಲು ಬಂದೀತೆ? ಕಿರಿದಾದ ಸೆರೆಯನ್ನು ಸಮರ್ಥಿಸಲು ಇಷ್ಟು ಅನುಕೂಲವಾದ ಸುಳ್ಳು ಇನ್ನೊಂದಿಲ್ಲ, ಅದು ಇಷ್ಟು ಕಾಲ ಬಾಳಿದ್ದೂ ಅದಕ್ಕೇ.

ಕಾನೂನು ನಿಧಾನವಾಗಿ ಚರಿತ್ರೆಯ ಪಾಠವನ್ನು ಕಲಿಯುತ್ತಿದೆ. ಇಟಲಿಯ ಮೊನ್ಸಾ ನಗರ 2004ರಲ್ಲಿ ದುಂಡು ಬೋಗುಣಿಯಲ್ಲಿ ಮೀನಿಡುವುದನ್ನು ನಿಷೇಧಿಸಿತು, ಮರುವರ್ಷ ರೋಮ್ ಅದೇ ಹಾದಿ ಹಿಡಿಯಿತು. ಇಂಗ್ಲೆಂಡಿನಲ್ಲಿ 2006ರ ಕಾಯ್ದೆಯಂತೆ ದೊಡ್ಡವರು ಜೊತೆಗಿಲ್ಲದ, ಹದಿನಾರು ತುಂಬದ ಮಕ್ಕಳಿಗೆ ಪ್ರಾಣಿಯನ್ನು ಬಹುಮಾನವಾಗಿ ಕೊಡುವಂತಿಲ್ಲ. ಜಾಗವಿಲ್ಲದವರು, ಹಣವಿಲ್ಲದವರು ಹಾಗಾದರೆ ಮೀನು ಸಾಕಲೇಬಾರದೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಉತ್ತರ ಕಷ್ಟವಲ್ಲ. ಈ ಮೀನಿಗೆ ಹೀಟರ್ ಬೇಡ, ಬೆಂಗಳೂರು ಮೈಸೂರುಗಳ ಹವೆ ಒಗ್ಗುತ್ತದೆ. ಹಿತ್ತಲಿನ ನೆರಳಲ್ಲಿಟ್ಟ ಅಗಲ ಬಾಯಿಯ ಸಿಮೆಂಟ್ ತೊಟ್ಟಿ, ಅದರಲ್ಲೊಂದಿಷ್ಟು ನೀರುಗಿಡ, ಮೇಲೊಂದು ಬಲೆ ಇದ್ದರೆ ಬೋಗುಣಿಗಿಂತ ಎಷ್ಟೋ ಪಾಲು ಮೇಲು, ಸೊಳ್ಳೆಯ ಮರಿಗಳನ್ನೂ ಮೀನೇ ತಿಂದು ಮುಗಿಸುತ್ತದೆ. ಒಳಗೆ ಇಡುವುದಾದರೆ ಒಂದು ಮೀನಿಗೆ ಎಪ್ಪತ್ತೈದು, ಎಂಬತ್ತು ಲೀಟರ್ ನೀರು ಹಿಡಿಯುವ ಟ್ಯಾಂಕ್ ಮತ್ತು ಫಿಲ್ಟರ್ ಬೇಕು. ನಲ್ಲಿಯ ನೀರಿನ ಕ್ಲೋರಿನ್ ತೆಗೆದೇ ತುಂಬಿಸಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ತಳದ ಕೊಳೆಸಮೇತ ಹೀರಿ ತೆಗೆದು ಹೊಸದು ಹಾಕಬೇಕು. ಇದಕ್ಕೆ ಹೊಟ್ಟೆಯ ಚೀಲವಿಲ್ಲ, ಕರುಳೇ ಎಲ್ಲ, ಹಾಗಾಗಿ ಒಮ್ಮೆಗೆ ಚಿಟಿಕೆಯಷ್ಟೇ ಆಹಾರ ಸಾಕು. ಇಷ್ಟು ಮಾಡಿದರೆ ಹತ್ತು ಹದಿನೈದು ವರ್ಷ ಬಾಳುವ ಮೀನು ಇದು. ಯಾರ್ಕ್‌ಶೈರಿನಲ್ಲಿ ಜಾತ್ರೆಯ ಬಹುಮಾನವಾಗಿ 1956ರಲ್ಲಿ ಮನೆಗೆ ಬಂದ ಟಿಶ್ ಎಂಬ ಮೀನು 1999ರಲ್ಲಿ ಸತ್ತಾಗ ಅದಕ್ಕೆ ನಲವತ್ಮೂರು ವರ್ಷ.

ಆದ್ದರಿಂದ ಮಗುವಿಗೆ ಮೀನು ತಂದುಕೊಡುವವರು ಮೊದಲು ಟ್ಯಾಂಕ್ ತನ್ನಿ, ಅಥವಾ ತೊಟ್ಟಿ ಕಟ್ಟಿಸಿ. ಒಂದು ತಿಂಗಳು ಅದರಲ್ಲಿ ಗಿಡ ಬೆಳೆಸಿ, ಫಿಲ್ಟರ್ ಓಡಿಸಿ, ನೀರನ್ನು ಹದಕ್ಕೆ ತನ್ನಿ. ಮೀನು ಆಮೇಲೆ ಬರಲಿ. ಮುಂದೆಂದಾದರೂ ಸಾಕಲು ಆಗದೆ ಹೋದರೆ ಊರ ಕೆರೆಗೆ ಬಿಡಬೇಡಿ, ಸಾಕಬಲ್ಲ ಇನ್ನೊಬ್ಬರ ಕೈಗೆ ಕೊಡಿ.